ಪದಚರ್ಚೆ: ಚೀನಾ ರೈಲಿನ ‘ಹಾರ್ಡ್ ಸೀಟ್’ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ.

ಬೀಜಿಂಗ್‌ನಿಂದ ಶಿಯಾನ್, ಅಲ್ಲಿಂದ ಚೆಂಗ್ಡು. ಕಡಿಮೆ ಖರ್ಚಿನಲ್ಲಿ ಮಾಮೂಲಿ ರೈಲು ಹತ್ತುವವರಿಗೆ ಒಂದು ಪುಟ್ಟ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ನಾಲ್ಕು ಪದಗಳ ಹತ್ತಿರ ಕೈ ನಿಂತಿದೆ. ಹಾರ್ಡ್ ಸೀಟ್ (ಯಿಂಗ್‌ಜುವೊ), ಹಾರ್ಡ್ ಸ್ಲೀಪರ್ (ಯಿಂಗ್‌ವೊ), ಸಾಫ್ಟ್ ಸ್ಲೀಪರ್ (ರುವಾನ್‌ವೊ), ಮತ್ತೆ ಸೀಟೇ ಕೊಡದ ಟಿಕೆಟ್ (ವೂಜುವೊ).

ಮೊದಲನೆಯದಕ್ಕೆ ‘ಗಟ್ಟಿ ಆಸನ’ ಎಂದು ಬರೆದೆ. ನಮ್ಮ ಅತ್ತೆ ಓದಿ, “ಮರದ ಬೆಂಚಾ? ಅಷ್ಟು ದೂರ ಕೂತರೆ ಸೊಂಟ ಉಳಿಯುತ್ತಾ?” ಅಂದರು. ಅದಕ್ಕೂ ಮೆತ್ತೆ ಇದೆ. ಬೆನ್ನು ನೆಟ್ಟಗೆ, ಅಡ್ಡ ಸಾಲಿಗೆ ಐದು ಜನ, ಅಷ್ಟೇ. ಏನು ಬರೆಯಲಿ?

ಸು.

---

ಆಸನ ಸಂಸ್ಕ್ರುತ. ಸೀಟು ಇಂಗ್ಲಿಶ್. ಎರಡೂ ಬೇಡ.

ಇಂದಿನ ‘ಹಾಸು’ ಹಳಗನ್ನಡದಲ್ಲಿ ‘ಪಾಸು’. ಬಿರುಸು, ಬಿರುಗಾಳಿಯಲ್ಲಿರುವ ‘ಬಿರು’ ತಗೊಳ್ಳಿ. ಮೆಲುದನಿಯ ‘ಮೆಲ್’ ತಗೊಳ್ಳಿ. ಮಲಗುವುದಕ್ಕೆ ಬಿರುಪಾಸು, ಮೆಲ್ಪಾಸು. ಕೂರುವುದಕ್ಕೆ ಬಿರುಮಣೆ. ರೈಲನ್ನೂ ಉಗಿಬಂಡಿ ಎಂದೇ ಬರೆಯಿರಿ. ಚೀನಿಯರನ್ನು ನೋಡಿ ಕಲಿಯಬೇಕು. ರೈಲಿಗೆ ಅವರು ‘ಹುವೊಛೆ’ ಅನ್ನುತ್ತಾರೆ, ಬೆಂಕಿಬಂಡಿ. ಕರೆಂಟಿನಲ್ಲಿ ಓಡುವುದಕ್ಕೂ ಅದೇ ಹೆಸರು. ಯಾರ ಮನೆಗೂ ಸಾಲ ಕೇಳಲು ಹೋಗಲಿಲ್ಲ.

ಕೆ.ವಿ.

---

‘ಪಾಸು’ ಎಂದು ಅಚ್ಚು ಹಾಕಿಸಿದರೆ ಜನ ಫೋಟೋ ಹಿಡಿದು ಬಸ್ ಪಾಸಿನ ಕೌಂಟರಿಗೆ ಹೋಗುತ್ತಾರೆ. ಮುಂದೆ.

ಉಗಿಬಂಡಿ ಇನ್ನೂ ಅಪಾಯ. ಚೀನಿಯಲ್ಲಿ ‘ಚೀಛೆ’ ಅಂದರೆ ಅಕ್ಷರಕ್ಕೆ ಅಕ್ಷರ ಉಗಿ ಬಂಡಿ. ಆದರೆ ಅದು ಕಾರು, ಬಸ್ಸು. ಊರಿಂದೂರಿಗೆ ಹೋಗುವ ಬಸ್ಸು ‘ಛಾಂಗ್‌ತು ಚೀಛೆ’. ಅದೇ ಎರಡು ಅಕ್ಷರಗಳನ್ನು ಜಪಾನಿನವರು ‘ಕಿಶಾ’ ಎಂದು ಓದುತ್ತಾರೆ. ಅಲ್ಲಿ ಅದು ಉಗಿ ಎಂಜಿನ್ನಿನ ರೈಲು! ಒಂದೇ ಬರಹ, ಎರಡು ದೇಶ, ಎರಡು ಗಾಡಿ. ಅಕ್ಷರಕ್ಕೆ ಅಕ್ಷರ ಇಳಿಸುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಸಾಲದ ಮಾತು ಬಂತಲ್ಲ. ಚೀನಿಯ ‘ಬಾಶಿ’ ಯಾರ ಮನೆಯದು? ಇಂಗ್ಲಿಷಿನ ಬಸ್ಸೇ, ಕ್ಯಾಂಟನೀಸ್ ಬಾಯಿ ದಾಟಿ ಬಂದದ್ದು. ಟ್ಯಾಕ್ಸಿಯ ‘ದೀಶಿ’ಯೂ ಅದೇ ದಾರಿ.

ರಾ.

---

ಎರಡು ಪದ ಹಿಡಿದು ಇಡೀ ಬಾಶೆಯನ್ನು ಅಳೆಯಬೇಡಿ. ಬಿರುಪಾಸು ಬೇಡವಾದರೆ ‘ಎರಡನೇ ದರ್ಜೆ’ ಎನ್ನಿ. ಎಲ್ಲರಿಗೂ ಅರ‍್ತವಾಗುತ್ತದೆ.

ಕೆ.ವಿ.

---

‘ದರ್ಜೆ’ ಅರಬ್ಬಿ, ಪಾರಸಿ ದಾಟಿ ಬಂದದ್ದು. ನಿಮ್ಮ ‘ಅರ‍್ತ’ಕ್ಕೆ ಮೊದಲು ಉಸಿರು ಕೊಡಿ, ಮಹಾಪ್ರಾಣ ಹಾಕಿ.

ರಾ.

---

ಜಗಳದ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಚೀನಾದಲ್ಲಿ ಮೆಡಿಕಲ್ ಓದುವಾಗ ಇದೇ ರೈಲುಗಳಲ್ಲಿ ಓಡಾಡಿದವಳು ನಾನು.

‘ದರ್ಜೆ’ ಖಂಡಿತ ಬೇಡ. ಅರಬ್ಬಿ ಅಂತಲ್ಲ. ಡಿ, ಜಿ ಅಕ್ಷರದ ವೇಗದ ರೈಲುಗಳಲ್ಲಿ ಒಂದನೇ ದರ್ಜೆ, ಎರಡನೇ ದರ್ಜೆ ಅಂತಲೇ ಸೀಟುಗಳಿವೆ. ಗಟ್ಟಿ–ಮೆತ್ತನೆ ಇರುವುದು ಹೆಚ್ಚಾಗಿ ಕೆ, ಟಿ, ಝಡ್ ಅಕ್ಷರದ ಮಾಮೂಲಿ ರೈಲುಗಳಲ್ಲಿ. ಎರಡನ್ನೂ ಕಲಸಿದರೆ ಕಾಸು ಉಳಿಸಲು ಹೊರಟವರು ಜಾಸ್ತಿ ದುಡ್ಡಿನ ಟಿಕೆಟ್ ತಗೊಂಡು ಬರುತ್ತಾರೆ. ಸೋವಿಯತ್ ರಷ್ಯಾದಲ್ಲೂ ಬೋಗಿಗಳನ್ನು ಗಟ್ಟಿ, ಮೆತ್ತನೆ ಎಂದೇ ಕರೆಯುತ್ತಿದ್ದರು.

ಯಿಂಗ್‌ವೊದಲ್ಲಿ ಬಾಗಿಲಿಲ್ಲ. ಎದುರುಬದುರು ಮೂರು ಮೂರು ಬರ್ತ್. ನಮ್ಮ ತ್ರೀ ಟಿಯರ್ ಕಂಡವರಿಗೆ ಹೊಸದೇನಲ್ಲ. ನಡುವಿನ ಬರ್ತ್ ಹಗಲೂ ಮಡಚುವುದಿಲ್ಲ. ಸೈಡ್ ಬರ್ತ್ ಇಲ್ಲ, ಆ ಜಾಗದಲ್ಲಿ ಕಿಟಕಿ ಪಕ್ಕ ಮಡಚುವ ಪುಟ್ಟ ಸೀಟು. ದಿಂಬು, ಹೊದಿಕೆ ಕೊಡುತ್ತಾರೆ. ರುವಾನ್‌ವೊದಲ್ಲಿ ನಾಲ್ಕೇ ಬರ್ತ್, ಮುಚ್ಚಲು ಬಾಗಿಲು. ಹಾಸಿಗೆ ಎಷ್ಟು ಮೆತ್ತಗಿದೆ ಅನ್ನುವುದಕ್ಕಿಂತ ಈ ಬಾಗಿಲೇ ದೊಡ್ಡ ವ್ಯತ್ಯಾಸ. ಪದವೂ ಅದನ್ನೇ ಹೇಳಲಿ.

‘ನಿಲ್ಲುವ ಟಿಕೆಟ್’ ಎಂದು ಬರೆಯುವ ಯೋಚನೆ ಇದ್ದರೆ ಬಿಡಿ. ವೂಜುವೊ ಅಂದರೆ ಸೀಟಿಲ್ಲ, ಅಷ್ಟೇ. ಖಾಲಿ ಸೀಟು ಕಂಡರೆ ಕೂರಬಹುದು, ಅದರವರು ಬಂದರೆ ಏಳಬೇಕು. ದರ ಮಾತ್ರ ಯಿಂಗ್‌ಜುವೊದಷ್ಟೇ! ನಾನೊಮ್ಮೆ ಇಡೀ ರಾತ್ರಿ ಬಿಸಿನೀರಿನ ಬಾಯ್ಲರ್ ಪಕ್ಕ ಬ್ಯಾಗಿನ ಮೇಲೆ ಕೂತಿದ್ದೆ. ನೂಡಲ್ಸ್ ಡಬ್ಬಿಗೆ ನೀರು ಹಿಡಿಯಲು ಬಂದವರಿಗೆಲ್ಲ ಎದ್ದು ಎದ್ದು ದಾರಿ ಬಿಟ್ಟಿದ್ದೇ ಬಿಟ್ಟಿದ್ದು. ಗೊತ್ತಿದ್ದವರು ಮಡಚುವ ಸ್ಟೂಲ್ ತಂದಿರುತ್ತಾರೆ.

ನನ್ನ ಪಟ್ಟಿ: ಸಾದಾ ಸೀಟು, ಸಾದಾ ಬರ್ತ್, ಬಾಗಿಲಿನ ಬರ್ತ್, ಸೀಟಿಲ್ಲದ ಟಿಕೆಟ್. ಪಕ್ಕದಲ್ಲಿ ಚೀನಿ ಹೆಸರು ಇರಲೇಬೇಕು. ಕೌಂಟರಿನಲ್ಲಿ ತೋರಿಸುವುದು ಅದನ್ನೇ ಅಲ್ವಾ?

ಗೀ.

---

ಗೀ. ಅವರೇ, ಬದುಕಿಸಿದಿರಿ. ನಾಲ್ಕನ್ನೂ ಹಾಗೇ ಹಾಕಿದೆ, ಚೀನಿ ಅಕ್ಷರವೂ ಪಕ್ಕದಲ್ಲಿದೆ. ಸ್ಟೂಲಿನ ವಿಷಯವನ್ನೂ ಒಂದು ಸಾಲು ಸೇರಿಸಿದೆ. ಫೈಲು ಪ್ರೆಸ್ಸಿಗೆ ಹೋಯಿತು.

ಸು.

---

‘ಸಾದಾ’ ಪಾರಸಿ. ‘ಬರಿಯ ಸೀಟು’ ಎಂದಿದ್ದರೆ ಸಾಕಿತ್ತು.

ಕೆ.ವಿ.