ಸಹಾಯ ಬೇಕು: ಎಫ್‌ಎಂ ಟ್ರಾನ್ಸ್‌ಮಿಟರ್‌ನಲ್ಲಿ ಹಾಡಿನ ಜೊತೆ ಎಂಜಿನ್ ಸದ್ದೂ ಕೇಳುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ರೇಡಿಯೊದಲ್ಲಿ ಬ್ಲೂಟೂತ್ ಇಲ್ಲ, ಆಕ್ಸ್ ಕಿಂಡಿಯೂ ಇಲ್ಲ. ಹಾಗಾಗಿ ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ, ಹಾಡನ್ನು ಎಫ್‌ಎಂ ತರಂಗವಾಗಿ ಕಾರಿನ ರೇಡಿಯೊಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್‌ಗೆ ಮೊಬೈಲ್‌ನ ಹೆಡ್‌ಫೋನ್ ಕಿಂಡಿಯಿಂದ ವೈರ್ ಕೊಟ್ಟು ಹಾಡು ಕೇಳುತ್ತೇನೆ.

ಎಂಜಿನ್ ಚಾಲೂ ಮಾಡಿದೊಡನೆ ಹಾಡಿನ ಹಿಂದೆ 'ಕುಂಯ್' ಎಂಬ ಸಣ್ಣ ಸದ್ದು ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದಂತೆಲ್ಲ ಅದರ ಸ್ಥಾಯಿ ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಮೊಬೈಲ್ ಅನ್ನು ಕಾರಿನ ಚಾರ್ಜರ್‌ನಿಂದ ಬಿಡಿಸಿದರೆ ಪೂರ್ತಿ ಮಾಯ! ಅಂದರೆ ಆಲ್ಟರ್ನೇಟರ್‌ನ (ಎಂಜಿನ್ ಜೊತೆ ತಿರುಗಿ ವಿದ್ಯುತ್ ಕೊಡುವ ಯಂತ್ರ) ಸದ್ದು ಗ್ರೌಂಡ್ ಲೂಪ್ (ಚಾರ್ಜರ್ ವೈರ್, ಆಡಿಯೊ ವೈರ್ ಎರಡರ ಗ್ರೌಂಡ್ ಸೇರಿ ಆಗುವ ಸುತ್ತು) ಮೂಲಕ ನುಸುಳುತ್ತಿದೆ ಎಂದೇ ನನ್ನ ಅನುಮಾನ. ಆದರೆ ದೂರದ ಪ್ರಯಾಣದಲ್ಲಿ ಚಾರ್ಜ್ ಮಾಡದೆ ವಿಧಿಯಿಲ್ಲ. ಈ ಸುತ್ತನ್ನು ಕಡಿಯಲು ಆಡಿಯೊ ವೈರ್ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಬಳಸಿದವರು ಇದ್ದೀರಾ? ಅದರಿಂದ ತಬಲಾ, ಮೃದಂಗದ 'ಗುಮ್' ಎನ್ನುವ ತಗ್ಗು ನಾದ ಕಡಿಮೆಯಾಗುತ್ತದೆಯೇ? ನನಗೆ ಅದೇ ಮುಖ್ಯ.

ಇನ್ನೊಂದು ಮಾತು. 88.1 ಮೆಗಾಹರ್ಟ್ಸ್‌ನಲ್ಲಿ ಸ್ವಚ್ಛವಾಗಿ ಬರುವ ಹಾಡು ಸ್ವಲ್ಪ ದೂರ ಹೋದರೆ ಬೇರೆ ನಿಲಯದ ಮಾತಿನಡಿ ಮುಳುಗುತ್ತದೆ. ಎಫ್‌ಎಂ ರಿಸೀವರ್ ಹೆಚ್ಚು ಬಲವಾದ ಸಂಕೇತವನ್ನೇ ಹಿಡಿಯುತ್ತದೆ. ಈ ಪುಟ್ಟ ಸಾಧನದ ಶಕ್ತಿಯೋ ತೀರಾ ಅಲ್ಪ. ನನ್ನ ಕಾರಿನ ಆಂಟೆನಾ ಚಾವಣಿಯ ಹಿಂಭಾಗದಲ್ಲಿದೆ, ನಡುವೆ ಲೋಹದ ತಗಡು ಬೇರೆ. ಎಕ್ಸ್‌ಟೆನ್ಷನ್ ವೈರ್ ಹಾಕಿ ಟ್ರಾನ್ಸ್‌ಮಿಟರ್ ಅನ್ನು ಹಿಂದಿನ ಗಾಜಿನ ಬಳಿಗೆ ಒಯ್ದರೆ ಪ್ರಯೋಜನವಾದೀತೇ?

ದಯವಿಟ್ಟು ರೇಡಿಯೊವನ್ನೇ ಬದಲಿಸಿ ಎನ್ನಬೇಡಿ. ಡ್ಯಾಶ್‌ಬೋರ್ಡ್‌ನ ಜೊತೆಗೇ ಅಚ್ಚಾಗಿ ಬಂದಿರುವ ಈ ರೇಡಿಯೊ ನನಗೆ ಬಹಳ ಇಷ್ಟ. ಮಾಡಿ ನೋಡಿದವರ ಅನುಭವ ಬೇಕು.