ಆಯಿಲ್ ಪ್ರೆಶರ್ ಬಿದ್ದರೆ ಜನರೇಟರ್ ತಾನೇ ನಿಲ್ಲಬೇಕು, ವೈರಿಂಗ್ ಹೇಗೆ?

ಕಾಳುಮೆಣಸು: ಸೋಮವಾರಪೇಟೆ ಹತ್ತಿರ ನಮ್ಮ ತೋಟ. ಕಕ್ಕಡ ತಿಂಗಳ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ. 15 ಕೆವಿಎ ಡೀಸೆಲ್ ಜನರೇಟರ್ ರಾತ್ರಿಯಿಡೀ ಓಡುತ್ತದೆ. ಪಕ್ಕದ ತೋಟದಲ್ಲಿ ಆಯಿಲ್ ಪೈಪ್ ಸೀಳಿ, ಯಾರೂ ನೋಡದೆ ಇಂಜಿನ್ ಸೀಜ್ ಆಯಿತು. ನಮ್ಮದರಲ್ಲಿ ಇರುವುದು ಕೆಂಪು ದೀಪ ಮಾತ್ರ. ನಿಲ್ಲಿಸುವುದು ಕೈಯಲ್ಲಿ ಲಿವರ್ ಎಳೆದು. ಪ್ರೆಶರ್ ಬಿದ್ದರೆ ತಾನಾಗಿ ನಿಲ್ಲುವಂತೆ ಸೊಲೆನಾಯ್ಡ್ (ಕರೆಂಟಿನಿಂದ ಲಿವರ್ ಎಳೆಯುವ ಕಾಯಿಲ್) ಹಾಕಬೇಕು. 12 ವೋಲ್ಟ್ ಬ್ಯಾಟರಿ. ಈಗಿರುವ ಪ್ರೆಶರ್ ಸ್ವಿಚ್‌ಗೆ ಒಂದೇ ಟರ್ಮಿನಲ್. ಗೊತ್ತಿರುವವರು ಹೇಳಿ.

ಟರ್ಮಿನಲ್ 87: ಒಂದೇ ಟರ್ಮಿನಲ್ ಅಂದರೆ ಸ್ವಿಚ್ಚಿನ ಬಾಡಿಯೇ ಅರ್ತ್. ಪ್ರೆಶರ್ ಇಲ್ಲದಾಗ ಒಳಗೆ ಕೂಡಿಕೊಂಡಿರುತ್ತದೆ, ಪ್ರೆಶರ್ ಏರಿದರೆ ಬಿಡುತ್ತದೆ. ದೀಪ ಹತ್ತಿ ಆರುವುದು ಹಾಗೇ. ಸೊಲೆನಾಯ್ಡನ್ನು ಇದಕ್ಕೆ ನೇರವಾಗಿ ಕೊಡಬೇಡಿ. ಅದು ದೀಪದ ಕರೆಂಟಿಗೆ ಮಾಡಿದ್ದು, ಪಾಯಿಂಟ್ ಸುಟ್ಟುಹೋಗುತ್ತದೆ.

ಐದು ಪಿನ್ನಿನ ಕಾರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬದಲಿಸುವ ಸ್ವಿಚ್) ತನ್ನಿ. 85, 86 ಅದರ ಕಾಯಿಲ್; ರಿಲೇ ಸುಮ್ಮನಿದ್ದಾಗ 30 ಕೂಡುವುದು 87ಎಗೆ, ಎಳೆದಾಗ 87ಕ್ಕೆ. ಕೀ ಮತ್ತು ಫ್ಯೂಸ್ ದಾಟಿ ಬಂದ ಪ್ಲಸ್ 86ಕ್ಕೂ 30ಕ್ಕೂ ಕೊಡಿ. 85ರಿಂದ ಪ್ರೆಶರ್ ಸ್ವಿಚ್‌ಗೆ. 87ಎ ಇಂದ ಸೊಲೆನಾಯ್ಡ್‌ಗೆ. ಪ್ರೆಶರ್ ಇದ್ದಾಗ ರಿಲೇ ಸುಮ್ಮನಿರುತ್ತದೆ, 87ಎ ಮೂಲಕ ಸೊಲೆನಾಯ್ಡ್‌ಗೆ ಕರೆಂಟ್ ಹೋಗುತ್ತದೆ. ಪ್ರೆಶರ್ ಬಿದ್ದರೆ ರಿಲೇ ಎಳೆಯುತ್ತದೆ, ಕರೆಂಟ್ ಕಟ್, ಇಂಜಿನ್ ಬಂದ್. ಸ್ಟಾರ್ಟ್ ಮಾಡುವಾಗ ಪ್ರೆಶರ್ ಇರುವುದಿಲ್ಲ ಅಲ್ವಾ, ಅದಕ್ಕೆ 30 ಮತ್ತು 87ಎ ನಡುವೆ ಒಂದು ಪುಶ್ ಬಟನ್. ದೀಪ ಆರುವ ತನಕ ಒತ್ತಿ ಹಿಡಿಯಿರಿ. ಸೊಲೆನಾಯ್ಡ್ ಮಾತ್ರ ಕರೆಂಟ್ ಕೊಟ್ಟರೆ ಓಡುವ ಜಾತಿಯದ್ದೇ ಇರಲಿ.

ಗಾಳಿಬೀಡಿನವ: "ಕರೆಂಟ್ ಕೊಟ್ಟರೆ ಓಡುವ ಜಾತಿ" ಅಂತೆ! ನಾನು ಹೋಂಸ್ಟೇ ನಡೆಸುವವನು. ಬ್ಯಾಟರಿ ಟರ್ಮಿನಲ್ ಸ್ವಲ್ಪ ಸಡಿಲವಾದರೂ ಇಂಜಿನ್ ನಿಂತು, ಗೆಸ್ಟ್‌ಗಳು ಕತ್ತಲಲ್ಲಿ ಕೂರಬೇಕು. ಕರೆಂಟ್ ಕೊಟ್ಟರೆ ನಿಲ್ಲುವ ಸೊಲೆನಾಯ್ಡ್ ಹಾಕಿ. ಸುಮ್ನೆ ಬ್ಯಾಟರಿ ಖರ್ಚೂ ಇಲ್ಲ.

ಟರ್ಮಿನಲ್ 87: ಬ್ಯಾಟರಿ ಖರ್ಚಾ? ಹಿಡಿದಿಡುವ ಕಾಯಿಲ್‌ಗೆ ಒಂದು ಆಂಪಿಯರ್ ಆಸುಪಾಸು ಸಾಕು. ಚಾರ್ಜಿಂಗ್ ಆಲ್ಟರ್ನೇಟರ್‌ಗೆ ಅದು ಲೆಕ್ಕವೇ ಅಲ್ಲ.

ಗಾಳಿಬೀಡಿನವ: ಎಳೆಯುವ ಕಾಯಿಲ್ 30 ಆಂಪಿಯರ್‌ಗಿಂತ ಜಾಸ್ತಿ ತಿನ್ನುತ್ತದೆ. ಅದನ್ನು ಮುಚ್ಚಿಟ್ಟಿರಲ್ಲ?

ಪಲ್ಪರ್ ಮನೆ: ಆ 30 ಆಂಪಿಯರ್ ಎಳೆಯುವ ಕ್ಷಣಕ್ಕೆ ಮಾತ್ರ. ಅದನ್ನು ಹಿಡಿದೇ ಇಟ್ಟರೆ ಕಾಯಿಲ್ ಸುಡುತ್ತದೆ, ಅದಕ್ಕೇ ಎರಡು ಕಾಯಿಲ್ ಇರುವುದು. ಎಳೆಯುವ ಕಾಯಿಲ್‌ಗೆ ಸ್ಟಾರ್ಟರ್ ಕಡೆಯಿಂದ ಬೇರೆ ರಿಲೇ ಬೇಕು. ಇರಲಿ. 87 ಅವರೇ, ನಿಮ್ಮ ಸರ್ಕ್ಯೂಟ್‌ನಲ್ಲೇ ತೂತು ಇದೆ. 85ರಿಂದ ಸ್ವಿಚ್‌ಗೆ ಹೋಗುವ ವೈರನ್ನು ಇಲಿ ಕಡಿದರೆ ರಿಲೇ ಯಾವತ್ತೂ ಎಳೆಯುವುದಿಲ್ಲ. ಆಯಿಲ್ ಪೂರ್ತಿ ಖಾಲಿಯಾದರೂ ಇಂಜಿನ್ ಓಡುತ್ತಲೇ ಇರುತ್ತದೆ. ಪ್ರೆಶರ್ ಬಂದಾಗ ಕೂಡುವ ಸ್ವಿಚ್ ಹಾಕಿ, 87ರಿಂದ ಸೊಲೆನಾಯ್ಡ್‌ಗೆ ಕೊಡಿ. ಆಗ ವೈರ್ ತುಂಡಾದರೂ ಇಂಜಿನ್ ನಿಲ್ಲುತ್ತದೆ.

ಟರ್ಮಿನಲ್ 87: ಇಲಿ ಕಡಿದರೆ ಅಂತೆ. ದೀಪವೂ ಅದೇ ವೈರ್ ಮೇಲಿದೆ ಸ್ವಾಮಿ. ಕೀ ತಿರುಗಿಸಿದಾಗ ದೀಪ ಹತ್ತಲಿಲ್ಲ ಅಂದರೆ ವೈರ್ ಹೋಗಿದೆ ಅಂತಲೇ ಅರ್ಥ. ಬಟನ್ ಒತ್ತುವವನು ದೀಪ ನೋಡಲೇಬೇಕು.

ಪಲ್ಪರ್ ಮನೆ: ಇಲಿ ನೀವು ಕೀ ತಿರುಗಿಸುವ ತನಕ ಕಾಯುತ್ತದಾ? ಓಡುವಾಗಲೇ ಕಡಿದರೆ?

ಹಳೇ ಡೀಸೆಲ್: ಎಲ್ಲರೂ ವೈರ್ ಹಿಡಿದು ಜಗ್ಗಾಡುತ್ತಿದ್ದೀರಿ. ಪ್ರೆಶರ್ ಬೀಳುವುದೇ ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಈಗ ಎಲ್ಲರೂ 15ಡಬ್ಲ್ಯು-40 ಸುರಿಯುತ್ತಾರೆ. ತೆಳು ಆಯಿಲ್. ರಾತ್ರಿಯಿಡೀ ಓಡಿದರೆ ನೀರೇ. ನಮ್ಮ ಕಾಲದಲ್ಲಿ 20ಡಬ್ಲ್ಯು-40 ಹಾಕುತ್ತಿದ್ದೆವು. ಈ ಸ್ವಿಚ್ಚು, ರಿಲೇ ಯಾವುದೂ ಇರಲಿಲ್ಲ. ಆ ಇಂಜಿನ್‌ಗಳು ಇವತ್ತೂ ಕೆರೆಯಿಂದ ನೀರೆತ್ತುತ್ತಿವೆ.

ಪಲ್ಪರ್ ಮನೆ: "ತೆಳು ಆಯಿಲ್" ಅಲ್ಲ ಅಣ್ಣ. ಎರಡರ ಕೊನೆಗೂ 40 ಇದೆ ನೋಡಿ. ಎಸ್‌ಎಇ ಜೆ300 ಅನ್ನುವ ಆಯಿಲ್ ಮಾನದಂಡದ ಪ್ರಕಾರ 40 ಅಂದರೆ 100 ಡಿಗ್ರಿ ಬಿಸಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ) ಒಳಗೆ. ಬಿಸಿಯಾದ ಮೇಲೆ ಎರಡೂ ಒಂದೇ ಗೆರೆಯೊಳಗೆ. 15, 20 ಅನ್ನುವುದು ಚಳಿಯ ಲೆಕ್ಕ.

ಗಾಳಿಬೀಡಿನವ: ಹಾಂ, ಚಳಿಯ ಲೆಕ್ಕ! ಅದಕ್ಕೇ ನಮಗೆ 15 ಬೇಕು. ಡಿಸೆಂಬರ್ ಬೆಳಗ್ಗೆ ಇಲ್ಲಿ 20 ಹಾಕಿದ ಇಂಜಿನ್ ಅಲುಗಾಡುವುದಿಲ್ಲ.

ಟರ್ಮಿನಲ್ 87: 15ಡಬ್ಲ್ಯುಗೆ ಸ್ಟಾರ್ಟಿಂಗ್ ಪರೀಕ್ಷೆ ಮಾಡುವುದು ಮೈನಸ್ 20 ಡಿಗ್ರಿಯಲ್ಲಿ, 20ಡಬ್ಲ್ಯುಗೆ ಮೈನಸ್ 15ರಲ್ಲಿ. ಗಾಳಿಬೀಡಿನಲ್ಲಿ ಹಿಮ ಬಿದ್ದಿದ್ದು ಯಾವಾಗ? ಆಯಿಲ್ ಬಿಡಿ, ಬ್ಯಾಟರಿ ತೋರಿಸಿ.

ಗಾಳಿಬೀಡಿನವ: ನನ್ನ ಬ್ಯಾಟರಿ ವಿಷಯ ನಿಮಗೆ ಯಾಕೆ? ಕುಶಾಲನಗರದ ಬಿಸಿಲಲ್ಲಿ ಕೂತು ನಮ್ಮ ಚಳಿ ಅಳೆಯಬೇಡಿ.

ಹಳೇ ಡೀಸೆಲ್: ಮೈನಸ್ ಚಳಿ ಇಲ್ಲ ಅಂತ 87 ಅವರೇ ಒಪ್ಪಿದರು. ಅಲ್ಲಿಗೆ 15 ಬೇಡ ಅಂತ ಆಯಿತು. ಇನ್ನು ಪಲ್ಪರ್ ಮನೆಯವರು 12.5ರಿಂದ 16.3 ಅಂದರು. ಎರಡರ ನಡುವೆ ವ್ಯತ್ಯಾಸವೇ ಇಲ್ಲವಾ? ನಿಮ್ಮ ಅಂಕಿಯೇ ನನ್ನ ಕಡೆ ಸಾಕ್ಷಿ ಹೇಳುತ್ತಿದೆ.

ಪಲ್ಪರ್ ಮನೆ: 20 ಅಂತ ಬರೆದ ಮಾತ್ರಕ್ಕೆ ಅದು 16ರ ಹತ್ತಿರ ಇರುತ್ತದೆ ಅಂತ ಎಲ್ಲಿದೆ? 13 ಇರುವ 20ಡಬ್ಲ್ಯುವೂ ಇರಬಹುದು, 15 ಇರುವ 15ಡಬ್ಲ್ಯುವೂ ಇರಬಹುದು. ಆಯಿಲ್ ತೆಳುವಾಗುವುದು ಇಂಜೆಕ್ಟರ್ ಸೋರಿ ಡೀಸೆಲ್ ಕೆಳಗಿನ ಆಯಿಲ್ ಸಂಪ್‌ಗೆ ಇಳಿದಾಗ. ಡಿಪ್‌ಸ್ಟಿಕ್ ಮೂಸಿ ನೋಡಿದರೆ ಗೊತ್ತಾಗುತ್ತದೆ. ಮತ್ತೆ, ಪಕ್ಕದ ತೋಟದಲ್ಲಿ ಸೀಳಿದ್ದು ಪೈಪ್. ಸೀಳಿದ ಪೈಪಿನಿಂದ ನಿಮ್ಮ 20ಡಬ್ಲ್ಯು ಸೋರುವುದಿಲ್ಲವಾ?

ಹಳೇ ಡೀಸೆಲ್: ದಪ್ಪ ಆಯಿಲ್ ನಿಧಾನ ಸೋರುತ್ತದೆ.

ಟರ್ಮಿನಲ್ 87: 😂😂

ಹಳೇ ಡೀಸೆಲ್: ನಗಿ. ನೀವು ಹುಟ್ಟುವ ಮೊದಲೇ ನಾನು ಬೇರಿಂಗ್ ಬಿಚ್ಚುತ್ತಿದ್ದೆ. ನೀವು ಹೇಳಿದ ದೀಪದ ಸ್ವಿಚ್ ಕೂಡುವುದು ಅರ್ಧ ಬಾರ್ ಸುತ್ತಮುತ್ತ. ಅಷ್ಟು ಕೆಳಗೆ ಇಳಿದ ಮೇಲೆ ಇಂಜಿನ್ ನಿಲ್ಲಿಸಿ ಏನು ಉಳಿಸುತ್ತೀರಿ?

ಟರ್ಮಿನಲ್ 87: ಅದಕ್ಕೆ ಮೇಲಿನ ರೇಟಿಂಗ್ ಸ್ವಿಚ್ ಸಿಗುತ್ತದೆ. 1000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಹಳೇ ಲೆಕ್ಕ. 50 ಹರ್ಟ್ಜ್‌ನ ನಾಲ್ಕು ಪೋಲ್ ಸೆಟ್ 1500ರಲ್ಲಿ ಓಡುತ್ತದೆ. 15 ಪಿಎಸ್‌ಐ, ಅಂದರೆ ಒಂದು ಬಾರ್ ಆಸುಪಾಸು. ಮ್ಯಾನುವಲ್‌ನಲ್ಲಿ ಬೇರೆ ಇದ್ದರೆ ಅದೇ ಸರಿ.

ಹಳೇ ಡೀಸೆಲ್: "ಹಳೇ ಲೆಕ್ಕ." ಅಂತೂ ಹಳಬರ ಲೆಕ್ಕಕ್ಕೇ ಬಂದಿರಿ.

ಕಾಳುಮೆಣಸು: ಸರ್, ನನ್ನ ವೈರಿಂಗ್ ಕಥೆ ಏನಾಯಿತು? ಪುಶ್ ಬಟನ್ ಬದಲು ಮನೆಯ ಲೈಟ್ ಸ್ವಿಚ್ ಥರದ್ದು ಹಾಕಬಹುದಾ? ತೋಟದ ಹುಡುಗರು ಒತ್ತಿ ಹಿಡಿಯುವುದಿಲ್ಲ.

ಪಲ್ಪರ್ ಮನೆ: ಬೇಡವೇ ಬೇಡ. ಒಂದು ಸಲ ಆನ್ ಮಾಡಿ ಮರೆತರೆ ನೀವು ಹಾಕಿದ ರಕ್ಷಣೆ ಎಲ್ಲಾ ಬೈಪಾಸ್. ಹುಡುಗರು ಹಿಡಿಯದಿದ್ದರೆ ಟೈಮರ್ ರಿಲೇ ಹಾಕಿ, ಹತ್ತು ಸೆಕೆಂಡ್ ಸಾಕು. ಮತ್ತೆ ನಾನು ಹೇಳಿದ ಪ್ರೆಶರ್‌ಗೆ ಕೂಡುವ ಸ್ವಿಚ್ಚೇ ತನ್ನಿ.

ಟರ್ಮಿನಲ್ 87: ಟೈಮರ್ ಸರಿ. ಸ್ವಿಚ್ ಬದಲಿಸುವುದೇನೂ ಬೇಡ. ಬೇಕಾದರೆ ಆಯಿಲ್ ಗ್ಯಾಲರಿಗೆ (ಇಂಜಿನ್ ಒಳಗಿನ ಆಯಿಲ್ ದಾರಿ) ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ದೀಪದ್ದು ಹಾಗೇ ಇರಲಿ, ಪಕ್ಕದಲ್ಲಿ ಒಂದು ಬಾರ್‌ನದ್ದು ಕೂರಿಸಿ. ದಾರಕ್ಕೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಬೇಡಿ, ಬಾಡಿ ಅರ್ತ್ ತಪ್ಪುತ್ತದೆ. ಸೊಲೆನಾಯ್ಡ್‌ಗೆ ಅಡ್ಡಲಾಗಿ ಒಂದು ಡಯೋಡ್, ಬಿಳಿ ಗೆರೆ ಇರುವ ತುದಿ ಪ್ಲಸ್ ಕಡೆಗೆ. ಇಲ್ಲದಿದ್ದರೆ ರಿಲೇ ಪಾಯಿಂಟ್ ಬೇಗ ಹಾಳು. ಎಲ್ಲ ಆದ ಮೇಲೆ, ಇಂಜಿನ್ ಓಡುವಾಗ ಸ್ವಿಚ್ಚಿನ ವೈರ್ ಬಿಚ್ಚಿ ಇಂಜಿನ್ ಬಾಡಿಗೆ ಮುಟ್ಟಿಸಿ. ನಿಲ್ಲಬೇಕು.

ಪಲ್ಪರ್ ಮನೆ: ಆ ವೈರ್ ಬಿಚ್ಚಿ ಹಾಗೇ ಗಾಳಿಯಲ್ಲಿ ಬಿಟ್ಟರೆ ನಿಲ್ಲುತ್ತದಾ? ಅದನ್ನೂ ಹೇಳಿ.

ಟರ್ಮಿನಲ್ 87: ಗಾಳಿಯಲ್ಲಿ ಯಾಕೆ ಬಿಡುತ್ತಾರೆ?

ಗಾಳಿಬೀಡಿನವ: ಡಯೋಡ್ ಅಂತೆ, ಟೈಮರ್ ಅಂತೆ. ಬಜರ್ ಒಂದು ಸಾಕಿತ್ತು. ಶಬ್ದ ಕೇಳಿ ಹೋಗಿ ಲಿವರ್ ಎಳೆದರೆ ಆಯಿತು.

ಕಾಳುಮೆಣಸು: ಶೆಡ್ ಮನೆಯಿಂದ ದೂರ ಇದೆ. ತಗಡಿನ ಮೇಲೆ ಮಳೆ ಬೀಳುವಾಗ ಇಂಜಿನ್ ಶಬ್ದವೇ ಕೇಳುವುದಿಲ್ಲ. ಟೈಮರ್, ಟೀ, ಡಯೋಡ್ ಇಷ್ಟು ಬರೆದುಕೊಂಡೆ. ಸೊಲೆನಾಯ್ಡ್ ಕರೆಂಟ್ ಕೊಟ್ಟರೆ ಓಡುವುದೇ ತರುತ್ತೇನೆ.

ಹಳೇ ಡೀಸೆಲ್: ತನ್ನಿ, ತನ್ನಿ. ಆಯಿಲ್ ಯಾವುದು ಹಾಕಿದ್ದೀರಿ ಅಂತ ಇನ್ನೂ ಹೇಳಲಿಲ್ಲ.