24 ಗಂಟೆ ದಾಟಿದ ಕೂಡಲೇ ಲೆಕ್ಕ ತಪ್ಪುವುದೇಕೆ?

ಪ್ರಶ್ನೆ (ಮಂಡ್ಯ)
ಮಾವನ ಆಲೆಮನೆಯಲ್ಲಿ ಆಳುಗಳು ದುಡಿದ ಹೊತ್ತನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೂಡಿಸುತ್ತಿದ್ದೇನೆ. ಒಬ್ಬರದು 37 ಗಂಟೆ 30 ನಿಮಿಷ ಆಗಬೇಕು. ಅವಧಿಯನ್ನು ಹಿಡಿದಿಡುವ ಟೈಮ್‌ಡೆಲ್ಟಾದ 'ಸೆಕೆಂಡ್ಸ್' ತೆಗೆದು 3600ರಿಂದ ಭಾಗಿಸಿದರೆ 13.5 ಬರುತ್ತದೆ. ಕೂಲಿ ಇದರ ಮೇಲೆಯೇ ನಿಂತಿದೆ. ಬೆಂಕಿಯ ಮುಂದೆ ಕೊಪ್ಪರಿಗೆ ಕಾಯ್ದವರಿಗೆ ಒಂದು ನಿಮಿಷವೂ ಕಡಿಮೆಯಾಗಬಾರದು.

ಉತ್ತರ 1 (ಮೈಸೂರು)
ಟೈಮ್‌ಡೆಲ್ಟಾ ಅವಧಿಯನ್ನು ದಿನ, ಸೆಕೆಂಡು, ಮೈಕ್ರೋಸೆಕೆಂಡು ಎಂದು ಮೂರು ಪಾಲು ಮಾಡಿ ಇಡುತ್ತದೆ. 'ಸೆಕೆಂಡ್ಸ್' ಕೊಡುವುದು ಪೂರ್ತಿ ದಿನಗಳನ್ನು ತೆಗೆದು ಉಳಿದದ್ದನ್ನು ಮಾತ್ರ. 'ಟೋಟಲ್ ಸೆಕೆಂಡ್ಸ್' ಬಳಸಿ: 1,35,000 ಬರುತ್ತದೆ, ಅಂದರೆ 37.5 ಗಂಟೆ.

ರಾತ್ರಿ ಪಾಳಿಯನ್ನೂ ನೋಡಿಕೊಳ್ಳಿ. ತಾರೀಖು ಇಲ್ಲದೆ ಬೆಳಗಿನ 6ರಿಂದ ರಾತ್ರಿಯ 10 ಕಳೆದರೆ ಮೈನಸ್ 16 ಗಂಟೆ. ಪೈಥಾನ್ ಅದನ್ನು 'ಮೈನಸ್ ಒಂದು ದಿನ, 8:00:00' ಎಂದು ತೋರಿಸುತ್ತದೆ. ಆ 8 ಕಂಡು ಸರಿಯಾಗಿದೆ ಎಂದುಕೊಳ್ಳಬೇಡಿ. ಹೊತ್ತಿನ ಜೊತೆ ತಾರೀಖನ್ನೂ ಬರೆದಿಡಿ ಎಂದು ಮಾವನವರಿಗೆ ಹೇಳಿ.

ಉತ್ತರ 2
ಎಕ್ಸೆಲ್‌ನಲ್ಲೂ ಇದೇ ಗೋಳು. ಫಾರ್ಮ್ಯಾಟ್‌ನಲ್ಲಿ ಗಂಟೆಯ ಅಕ್ಷರವನ್ನು ಚೌಕ ಆವರಣದೊಳಗೆ ಹಾಕಿದರೆ 24 ದಾಟಿದ್ದೂ ಕಾಣುತ್ತದೆ.

ಪ್ರಶ್ನೆ ಕೇಳಿದವರು
37.5 ಬಂತು, ಧನ್ಯವಾದ. ತಿಂಗಳ ಮುಂಗಡದ ಮುಂದಿನ ತಾರೀಖು ತಿಳಿಯಲು 30 ದಿನ ಕೂಡಿಸಲೇ?

ಉತ್ತರ 1
ಬೇಡ. ತಿಂಗಳಿಗೆ ನಿಶ್ಚಿತ ಉದ್ದವಿಲ್ಲ. ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ 2014ರ ಆವೃತ್ತಿ 8 ಇದಕ್ಕಾಗಿಯೇ ಡ್ಯುರೇಷನ್ (ಗಂಟೆ, ಸೆಕೆಂಡುಗಳ ಅಳತೆ) ಮತ್ತು ಪೀರಿಯಡ್ (ವರ್ಷ, ತಿಂಗಳು, ದಿನಗಳ ಅಳತೆ) ಎಂದು ಎರಡನ್ನು ಬೇರೆ ಮಾಡಿತು. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಯಾವ ದಿನ ಎಂಬುದನ್ನು ಮೊದಲು ಆಳುಗಳ ಜೊತೆ ಕೂತು ತೀರ್ಮಾನಿಸಿ, ಆಮೇಲೆ ಕೋಡ್ ಬರೆಯಿರಿ.